ಬಿಡುಗಡೆ ಬಟನ್

ಅವತ್ತಿನ ರಾದ್ಧಾಂತಕ್ಕೆಲ್ಲ ಮೂಲ ಒಂದು ಭಾಷಣ. ಬೆಳಿಗ್ಗೆ ತಿಂಡಿ ತಿನ್ನುತ್ತ ರಬ್ಬರ್ ತನ್ನ ಅಮ್ಮನಿಗೆ ಸ್ವಾತಂತ್ರ್ಯದ ಬಗ್ಗೆ ಭಾಷಣ ಬಿಗಿಯದೆ ಇದ್ದಿದ್ದರೆ, ಹೊರಡುವ ಮೊದಲು ಕಂಪ್ಯೂಟರಿನಲ್ಲಿ ಒಂದು ಬಟನ್ ಒತ್ತುವುದನ್ನು ಮರೆಯುತ್ತಿರಲಿಲ್ಲ.

ರಬ್ಬರ್ ಎಂಬುದು ಅವನ ಹೆಸರಲ್ಲ, ಕಸುಬು ತಂದುಕೊಟ್ಟ ಬಿರುದು. ಸಿನಿಮಾದ ನಾಯಕ ಆಕಾಶದಲ್ಲಿ ಹಾರುವಾಗ ಅವನ ಸೊಂಟಕ್ಕೆ ಬಿಗಿದ ಹಗ್ಗ, ದಟ್ಟ ಕಾಡಿನ ನಡುವೆ ತಲೆ ಹಾಕಿದ ಕರೆಂಟ್ ಕಂಬ, ಪುರಾತನ ಕಾಲದ ರಾಜ ಬಿಚ್ಚಿಡಲು ಮರೆತ ಕೈಗಡಿಯಾರ, ಇವನ್ನೆಲ್ಲ ಚಿತ್ರದಿಂದ ಅಳಿಸುವುದು ಅವನ ಕೆಲಸ. ಚೆನ್ನಾಗಿ ಮಾಡಿದರೆ ಮಾಡಿದ್ದೇ ಯಾರಿಗೂ ಕಾಣುವುದಿಲ್ಲ. ಕಂಡರೆ ಎಲ್ಲರೂ ಬೈಯುತ್ತಾರೆ. ಹೊಗಳಿಕೆಯಂತೂ ಹಣೆಯಲ್ಲಿ ಬರೆದಿಲ್ಲ, ಯಾರ ಅಡಿಯಾಳಾಗಿಯೂ ಇರಬಾರದು ಎಂಬುದೊಂದೇ ಅವನ ಹಟ. ಅದಕ್ಕೇ ಯಾವ ಸ್ಟುಡಿಯೋಗೂ ಸೇರದೆ, ಕರೆದ ಕಡೆ ಹೋಗಿ ಅಳಿಸಿ ಬರುತ್ತಿದ್ದ.

ಆ ಹಟಕ್ಕೆ ಬೆನ್ನೆಲುಬಾಗಿದ್ದುದು ಅವನ ಲೈಸೆನ್ಸ್. ಅಳಿಸುವ ಸಾಫ್ಟ್‌ವೇರನ್ನು ಅವನು ಸ್ವಂತ ಹೆಸರಿನಲ್ಲಿ ಕೊಂಡಿದ್ದ. ಅದನ್ನು ಯಾವ ಕಂಪ್ಯೂಟರಿಗೆ ಬೇಕಾದರೂ ಒಯ್ಯಬಹುದು, ಆದರೆ ಒಂದು ಹೊತ್ತಿಗೆ ಒಂದೇ ಕಂಪ್ಯೂಟರ್. ಒಂದರಿಂದ ಇಳಿಸಿದ ಮೇಲೆಯೇ ಇನ್ನೊಂದಕ್ಕೆ ಹತ್ತಿಸಬೇಕು. ಇಳಿಸುವುದಕ್ಕೆ 'ಬಿಡುಗಡೆ' ಎಂಬ ಹಸಿರು ಬಟನ್ ಇತ್ತು.

"ನೋಡಮ್ಮ," ಎಂದು ಅವನು ಶುರು ಮಾಡಿದ್ದ. "ಆ ಸ್ಟುಡಿಯೋದವರ ಒಪ್ಪಂದಕ್ಕೆ ಸಹಿ ಹಾಕಿದ್ರೆ ಒಂದು ವರ್ಷ ಅವರದೇ ಕುರ್ಚಿ, ಅವರದೇ ಗಡಿಯಾರ. ಬೇರೆ ಯಾರ ಕೆಲಸಾನೂ ಮುಟ್ಟಂಗಿಲ್ಲ. ನಾನ್ಯಾಕೆ ಹಾಕಲಿ? ಅವರ ಹಂಗು ನನಗ್ಯಾಕೆ? ನನ್ನ ಲೈಸೆನ್ಸ್ ನನ್ನ ಜೊತೆ ಬರುತ್ತೆ!"

"ಹಗ್ಗ ಇಲ್ದೆ ಹಾರಿದೋರನ್ನ ನಾನಂತೂ ನೋಡಿಲ್ಲಪ್ಪ," ಎಂದಳು ಅಮ್ಮ ತಟ್ಟೆ ಎತ್ತುತ್ತ. "ಬಸ್ ಹೋಗುತ್ತೆ, ಏಳು."

ಅವನು ಬಸ್ಸಿಗೆ ಓಡಿದ. ಲೈಸೆನ್ಸ್ ಮನೆಯ ಕಂಪ್ಯೂಟರಿನೊಳಗೇ ಕಾಲು ಚಾಚಿ ಮಲಗಿತ್ತು.

ಸ್ಟುಡಿಯೋದ ಒಳಕೋಣೆಗೆ ಕಿಟಕಿಗಳಿರಲಿಲ್ಲ. ತೆರೆಕಾಣದ ಸಿನಿಮಾದ ಒಂದು ತುಣುಕೂ ಆಚೆ ಹೋಗಬಾರದೆಂದು ಹೊರಗಿನ ಕಂಪ್ಯೂಟರನ್ನು ಗೇಟಿನ ಒಳಗೆ ಬಿಡುತ್ತಿರಲಿಲ್ಲ. ಬಂದವರು ಅಲ್ಲಿನ ಯಂತ್ರದಲ್ಲೇ ಕೂತು ಕೆಲಸ ಮಾಡಬೇಕು. ಅವತ್ತು ಸಂಜೆಯೊಳಗೆ ಹಾರುವ ನಾಯಕನ ಹಗ್ಗ ಮಾಯವಾಗಬೇಕಿತ್ತು. ರಬ್ಬರ್ ಕೈ ಉಜ್ಜಿಕೊಂಡು ಕೂತು ಸಾಫ್ಟ್‌ವೇರ್ ತೆರೆಯಲು ಹೋದ. ಅದು ತೆರೆಯಲಿಲ್ಲ. ಸಾಫ್ಟ್‌ವೇರ್ ಕಂಪನಿಯ ಸಹಾಯವಾಣಿಗೆ ಬರೆದ. ಅತ್ತಲಿನ ಯಂತ್ರ ಕಣ್ಣು ಮಿಟುಕಿಸುವಷ್ಟರಲ್ಲಿ ಉತ್ತರಿಸಿತು:

"ನಿಮ್ಮ ಲೈಸೆನ್ಸನ್ನು ಸದ್ಯ ನೀವೇ ಇನ್ನೊಂದು ಕಂಪ್ಯೂಟರಿನಲ್ಲಿ ಬಳಸುತ್ತಿದ್ದೀರಿ. ದಯವಿಟ್ಟು ನಿಮ್ಮನ್ನು ಸಂಪರ್ಕಿಸಿ, ಬಿಡುಗಡೆ ಬಟನ್ ಒತ್ತಲು ತಿಳಿಸಿ."

"ಅಯ್ಯೋ ಪಾಪ," ಎಂಬ ದನಿ ಹಿಂದಿನಿಂದ ಬಂತು. ಮ್ಯಾನೇಜರ್ ಮೇಡಂ. ಇವರು ಯಾರನ್ನೂ ಗದರಿಸಿದ್ದನ್ನು ಕಂಡವರಿಲ್ಲ. ನಕ್ಕು, ಅಯ್ಯೋ ಪಾಪ ಎಂದು, ಕೊನೆಗೆ ತಮಗೆ ಬೇಕಾದ್ದನ್ನೇ ಮಾಡಿಸಿಕೊಳ್ಳುತ್ತಿದ್ದರು. "ನಮ್ಮ ಲೈಸೆನ್ಸ್ ಒಂದು ಖಾಲಿ ಇದೆ. ಆದ್ರೆ ಅದು ಸಹಿ ಹಾಕಿದೋರಿಗೆ ಮಾತ್ರ. ಒಪ್ಪಂದ ನನ್ನ ಮೇಜಿನ ಮೇಲೇ ಇದೆ. ಪೆನ್ನೂ ನಾವೇ ಕೊಡ್ತೀವಿ."

"ಬೇಡ ಮೇಡಂ. ನನ್ನ ಹತ್ರ ಸ್ವಂತ ಲೈಸೆನ್ಸ್ ಇದೆ," ಎಂದ ರಬ್ಬರ್. ಅಷ್ಟಕ್ಕೇ ನಿಲ್ಲಿಸದೆ ಜೇಬು ತಟ್ಟಿ, "ಸ್ವಂತ ಪೆನ್ನೂ ಇದೆ," ಎಂದ.

ಒಳಗೆ ಫೋನ್ ಒಯ್ಯುವಂತಿಲ್ಲ. ಹೊರಬಾಗಿಲ ಬಳಿ ನೀರಿನ ಫಿಲ್ಟರ್ ಪಕ್ಕ ನಿಂತು ಅವನು ಅಮ್ಮನಿಗೆ ಫೋನ್ ಮಾಡಿ, ಕಂಪ್ಯೂಟರಿನ ಮುಂದೆ ಹೋಗಿ ಕೂರಲು ಹೇಳಿದ. ಐದು ನಿಮಿಷ ಬಿಟ್ಟು ಮತ್ತೆ ಮಾಡಿದಾಗ ಎತ್ತಿದ್ದು ಮಾತ್ರ ಮೇಲಿನ ಮನೆಯ ಫ್ಯೂಸ್ ಮಾವ. ಒಂದು ಕಾಲದಲ್ಲಿ ಕರೆಂಟ್ ಕಂಬ ಹತ್ತುತ್ತಿದ್ದ ಈ ಮಹಾನುಭಾವ ನಿವೃತ್ತರಾದ ಮೇಲೆ ಕಟ್ಟಡದ ಎಲ್ಲರ ಮನೆಯ ಮಿಕ್ಸಿ, ಫ್ಯಾನು, ಫ್ರಿಜ್ಜುಗಳ ಮೇಲೆ ಕೈಯಾಡಿಸುತ್ತಿದ್ದರು. ಯಾರೂ ಕರೆಯಬೇಕಾಗಿರಲಿಲ್ಲ.

"ಕಂಪ್ಯೂಟರ್ ತಾನೆ? ನಿನ್ನಮ್ಮ ಹೇಳಿದ್ರು. ಪ್ಲಗ್ ಕಿತ್ತಾಯ್ತು," ಎಂದರು ಮಾವ.

"ಯಾಕೆ ಕಿತ್ರಿ ಮಾವ!"

"ಯಂತ್ರಕ್ಕೆ ಒಂದ್ಸಲ ಉಸಿರು ನಿಲ್ಲಿಸಿ ವಾಪಸ್ ಕೊಟ್ರೆ ಬುದ್ಧಿ ಬರುತ್ತಪ್ಪ."

"ಪ್ಲಗ್ ಕಿತ್ರೂ ಅಷ್ಟೆ, ತಗೊಂಡೋಗಿ ಬಾವಿಗೆ ಎಸೆದ್ರೂ ಅಷ್ಟೆ, ಬಟನ್ ಒತ್ತೋ ತನಕ ಲೈಸೆನ್ಸ್ ಅಲ್ಲೇ ಕೂತಿರುತ್ತೆ. ಹಚ್ಚಿ ಮಾವ, ಬೇಗ!"

ಯಂತ್ರ ಎದ್ದಿತು. ಎದ್ದಿದ್ದೇ ಪಾಸ್‌ವರ್ಡ್ ಕೇಳಿತು. ಫ್ಯೂಸ್ ಮಾವ ರಬ್ಬರನ್ನು ಕೇಳಿದರು. ಅಷ್ಟರಲ್ಲಿ ಮ್ಯಾನೇಜರ್ ಮೇಡಂ ನೀರು ಕುಡಿಯಲು ಬಂದು, ಲೋಟ ಹಿಡಿದು ಅಲ್ಲೇ ನಿಂತುಬಿಟ್ಟರು. ಆ ಪಾಸ್‌ವರ್ಡನ್ನು ರಬ್ಬರ್ ಕಳೆದ ಸಲ ಇದೇ ಸ್ಟುಡಿಯೋದಿಂದ ಸಿಟ್ಟಿನಲ್ಲಿ ಮನೆಗೆ ಹೋದ ದಿನ ಇಟ್ಟಿದ್ದ. ಅದು 'ಮೊಸಳೆಮೇಡಂ'.

"ಅದು... ಆಮೇಲೆ ಹೇಳ್ತೀನಿ ಮಾವ."

"ನಾಚಿಕೆ ಯಾಕೋ? ಯಾವುದಾದ್ರೂ ಹುಡುಗಿ ಹೆಸರಾ?" ಎಂದು ಅಮ್ಮನ ದನಿ ನಡುವೆ ತೂರಿತು. ಮೇಡಂ ನಕ್ಕರು.

ಫ್ಯೂಸ್ ಮಾವ ಕಾಯುವ ಜಾತಿಯವರಲ್ಲ. ಅಮ್ಮನ ಹೆಸರು, ಓಣಿಯ ಹೆಸರು, ಕೊನೆಗೆ ತಮ್ಮದೇ ಹೆಸರನ್ನೂ ಹಾಕಿ ನೋಡಿದರು. ತಮ್ಮ ಹೆಸರು ನಡೆಯದ್ದಕ್ಕೆ ಅವರಿಗೆ ಬೇಜಾರೂ ಆಯಿತು. ಯಂತ್ರ ಮುನಿಸಿಕೊಂಡು, ಇನ್ನು ಒಂದು ಗಂಟೆ ತನ್ನನ್ನು ಮುಟ್ಟಬಾರದೆಂದು ಬಾಗಿಲು ಹಾಕಿಕೊಂಡಿತು.

"ಒಂದು ಗಂಟೆ ಇಲ್ಲಿ ಸುಮ್ನೆ ಕೂರೋ ಬದಲು ಅದನ್ನೇ ಅಲ್ಲಿಗೆ ತರ್ತೀನಿ ಬಿಡು," ಎಂದು ಮಾವ ಫೋನಿಟ್ಟರು. ರಬ್ಬರ್ ಮತ್ತೆ ಮಾಡಿದ, ಮತ್ತೆ ಮತ್ತೆ ಮಾಡಿದ. ಫೋನು ಮನೆಯ ಮೇಜಿನ ಮೇಲೆ ಒಂಟಿಯಾಗಿ ಬಡಿದುಕೊಳ್ಳುತ್ತಿತ್ತು.

ಟ್ಯಾಕ್ಸಿ ಸ್ಟುಡಿಯೋ ಗೇಟಿಗೆ ಬಂದಾಗ ಹೊತ್ತು ಇಳಿಯತೊಡಗಿತ್ತು. ಹಿಂದಿನ ಸೀಟಿನಲ್ಲಿ ಅಮ್ಮ ಕಂಪ್ಯೂಟರನ್ನು ಚಾದರದಲ್ಲಿ ಸುತ್ತಿ, ಜ್ವರ ಬಂದ ಮಗುವಿನಂತೆ ತೊಡೆಯ ಮೇಲೆ ಇಟ್ಟುಕೊಂಡಿದ್ದಳು. ಮುಂದಿನ ಸೀಟಿನಿಂದ ಫ್ಯೂಸ್ ಮಾವ ಕೀಬೋರ್ಡ್ ಹಿಡಿದು ಇಳಿದರು. ಪರದೆ ಮಾತ್ರ ಭಾರವೆಂದು ಮನೆಯಲ್ಲೇ ಬಿಟ್ಟಿದ್ದರು.

"ಹೊರಗಿನ ಯಂತ್ರ ಒಳಗೆ ಹೋಗಂಗಿಲ್ಲ," ಎಂದ ಕಾವಲುಗಾರ.

"ಒಳಗೆ ಬೇಡಪ್ಪ. ನಿನ್ನ ಗೂಡು ಗೇಟಿನ ಹೊರಗೇ ಇದೆಯಲ್ಲ?" ಎಂದಳು ಅಮ್ಮ.

ಕಾವಲುಗಾರ ತನ್ನ ಗೂಡನ್ನು ನೋಡಿದ, ಗೇಟನ್ನು ನೋಡಿದ. ವಾದದಲ್ಲಿ ಹುಳುಕು ಕಾಣಲಿಲ್ಲ. "ಹಾಗಾದ್ರೆ ಪುಸ್ತಕದಲ್ಲಿ ಸಹಿ ಹಾಕಿ," ಎಂದ. ದಾರ ಕಟ್ಟಿದ ಅವನ ಪೆನ್ನು ಬರೆಯಲಿಲ್ಲ. ಗೇಟಿನಲ್ಲೇ ಕಾಯುತ್ತಿದ್ದ ರಬ್ಬರ್ ಜೇಬಿನಿಂದ ತನ್ನದನ್ನು ತೆಗೆದು ಸಹಿ ಗೀಚಿ, ಒಂದೇ ಜಿಗಿತಕ್ಕೆ ಗೂಡಿನೊಳಗಿದ್ದ.

ಗೇಟಿನ ಕ್ಯಾಮೆರಾಕ್ಕೆ ಇಟ್ಟಿದ್ದ ಪರದೆಯನ್ನೂ ಇಂಟರ್ನೆಟ್ ತಂತಿಯನ್ನೂ ಕಿತ್ತು ಫ್ಯೂಸ್ ಮಾವ ಕಂಪ್ಯೂಟರಿಗೆ ಜೋಡಿಸಿದರು. ಆ ಹೊತ್ತಿನಲ್ಲಿ ಕಳ್ಳರು ಮೆರವಣಿಗೆಯಲ್ಲಿ ಒಳಗೆ ಹೋಗಿದ್ದರೂ ಕಾವಲುಗಾರನಿಗೆ ತಿಳಿಯುತ್ತಿರಲಿಲ್ಲ. ರಬ್ಬರ್ ಪಾಸ್‌ವರ್ಡ್ ಒತ್ತಿದ. ಟೈಪ್ ಮಾಡುವುದನ್ನು ಬಾಯಲ್ಲಿ ಗೊಣಗುವುದು ಅವನ ಹಳೆಯ ಚಾಳಿ. ಕಾವಲುಗಾರ ಕೆಮ್ಮಿ ಮುಖ ಆಚೆ ತಿರುಗಿಸಿದ. ಹಸಿರು ಬಟನ್ ಕಂಡಿತು. ಒತ್ತಿದ. ಲೈಸೆನ್ಸ್ ಬಿಡುಗಡೆಯಾಯಿತು. ಅಮ್ಮ ಚಪ್ಪಾಳೆ ತಟ್ಟಿದಳು, ಟ್ಯಾಕ್ಸಿಯವನು ಹಾರ್ನ್ ಹೊಡೆದ.

ಮುಂದಿನದು ನೋಡುವಂತಿತ್ತು. ರಬ್ಬರ್ ಒಳಗೆ ಓಡಿ, ಸ್ಟುಡಿಯೋದ ಯಂತ್ರಕ್ಕೆ ತನ್ನ ಲೈಸೆನ್ಸ್ ಹತ್ತಿಸಿ, ಕುರ್ಚಿಗೆ ಬೆನ್ನು ತಾಗಿಸದೆ ಕೆಲಸ ಮಾಡಿದ. ಫ್ರೇಮಿನಿಂದ ಫ್ರೇಮಿಗೆ ಹಗ್ಗ ಕರಗುತ್ತ ಹೋಯಿತು. ಗಡುವಿಗೆ ಸರಿಯಾಗಿ ನಾಯಕ ಎರಡು ಕಟ್ಟಡಗಳ ನಡುವೆ ಯಾವ ಆಧಾರವೂ ಇಲ್ಲದೆ ತೇಲಿದ. ಸುತ್ತ ಸಹಿ ಹಾಕಿ ಕೂತಿದ್ದ ಕಲಾವಿದರೆಲ್ಲ ಎದ್ದು ಬಂದು ನೋಡಿದರು. ಅವರ ಕಣ್ಣಲ್ಲಿ ಮೆಚ್ಚುಗೆ ಕಂಡಿದ್ದೇ ತಡ, ರಬ್ಬರಿಗೆ ಮತ್ತೆ ಭಾಷಣ ಬಂತು.

"ಮೇಡಂ, ನೋಡಿದ್ರಲ್ಲ? ನಿಮ್ಮ ಸಹಿ ಇಲ್ದೆ, ನಿಮ್ಮ ಲೈಸೆನ್ಸ್ ಇಲ್ದೆ! ಕೈಕಟ್ಟಿ ಕೂರೋ ಜೀವ ಅಲ್ಲ ಇದು. ನನ್ನನ್ನ ಕಟ್ಟಿಹಾಕೋ ಹಗ್ಗ ಇನ್ನೂ ಯಾರೂ ಹೊಸೆದಿಲ್ಲ!" ಎಂದು, ಕೊರಳಲ್ಲಿದ್ದ ದಿನದ ಪಾಸನ್ನು ಹರಿದು ಮೇಜಿನ ಮೇಲಿಟ್ಟ. ಅದೂ ಸಾಲದೆಂದು ಬಗ್ಗಿ, ಸ್ಟುಡಿಯೋದ ಆ ಕಂಪ್ಯೂಟರಿನ ಪ್ಲಗ್ಗನ್ನು ಗೋಡೆಯಿಂದ ಸರಕ್ಕನೆ ಕಿತ್ತೆಸೆದ. "ನನ್ನ ಕೆಲಸ ಮುಗೀತು!"

ಕಲಾವಿದರು ಶಿಳ್ಳೆ ಹಾಕಿದರು. ಮೇಡಂ ನಗುನಗುತ್ತ, "ಅಯ್ಯೋ ಪಾಪ, ಹುಷಾರಾಗಿ ಹೋಗ್ಬನ್ನಿ," ಎಂದರು.

ಟ್ಯಾಕ್ಸಿಯಲ್ಲಿ ದಾರಿಯುದ್ದಕ್ಕೂ ಅವನು ಆ ಭಾಷಣವನ್ನು ಅಮ್ಮನಿಗೂ ಮಾವನಿಗೂ ಇನ್ನೊಮ್ಮೆ ಒಪ್ಪಿಸಿದ. ಇಷ್ಟು ಸಂತೋಷವಾಗಿ ಅವನು ಎಷ್ಟೋ ಕಾಲದಿಂದ ಇರಲಿಲ್ಲ. ಮರುದಿನ ಬೆಳಿಗ್ಗೆ ಇನ್ನೊಬ್ಬ ನಿರ್ಮಾಪಕರ ಸಿನಿಮಾದ ರಾಜನ ಕೈಗಡಿಯಾರ ಅಳಿಸಿ ಕಳಿಸಬೇಕಿತ್ತು. ಅದನ್ನು ಈಗಲೇ ಶುರು ಮಾಡೋಣವೆಂದು ಮನೆಗೆ ಬಂದವನೇ ಕಂಪ್ಯೂಟರ್ ಜೋಡಿಸಿದ. ಅಮ್ಮ ಒಂದು ಕಡೆ, ಮಾವ ಒಂದು ಕಡೆ ನಿಂತರು. ಸಾಫ್ಟ್‌ವೇರ್ ತೆರೆಯುವ ಬದಲು ಪರದೆಯ ಮೇಲೆ ಅಕ್ಷರಗಳು ಮೂಡಿದವು:

"ನಿಮ್ಮ ಲೈಸೆನ್ಸನ್ನು ಸದ್ಯ ನೀವೇ ಇನ್ನೊಂದು ಕಂಪ್ಯೂಟರಿನಲ್ಲಿ ಬಳಸುತ್ತಿದ್ದೀರಿ. ದಯವಿಟ್ಟು ನಿಮ್ಮನ್ನು ಸಂಪರ್ಕಿಸಿ..."

ಮಾವ ಬಗ್ಗಿ ಅದನ್ನು ಇನ್ನೊಮ್ಮೆ ಓದಿದರು.

"ಹೊರಡೋ ಮುಂಚೆ ಅಲ್ಲಿ ಪ್ಲಗ್ ಕಿತ್ತಿದ್ದೆ ತಾನೆ?" ಎಂದರು ಫ್ಯೂಸ್ ಮಾವ.

"ಕಿತ್ತಿದ್ದೆ ಮಾವ."

"ಹಾಗಾದ್ರೆ ಸರಿಹೋಗಬೇಕಿತ್ತಲ್ಲ!"

ಫೋನ್ ಹೊಡೆದುಕೊಂಡಿತು. "ಅಯ್ಯೋ ಪಾಪ, ಮನೆ ಸೇರಿದ್ರಾ?" ಎಂದರು ಮ್ಯಾನೇಜರ್ ಮೇಡಂ. "ನೀವು ಕೂತಿದ್ದ ಯಂತ್ರ ಹಾಗೇ ಇದೆ, ಯಾರೂ ಮುಟ್ಟಿಲ್ಲ. ಬಂದು ನಿಮ್ಮ ಬಟನ್ ಒತ್ಕೊಳ್ಳಿ. ಆದ್ರೆ ನಿಮ್ಮ ಪಾಸ್ ನೀವೇ ಹರಿದುಬಿಟ್ರಲ್ಲ. ಹೊಸ ಪಾಸು ಇನ್ಮೇಲೆ ಸಹಿ ಹಾಕಿದೋರಿಗೆ ಮಾತ್ರ. ಬೆಳಿಗ್ಗೆ ಬೇಗ ಬನ್ನಿ, ಕುರ್ಚಿ ಒರೆಸಿ ಇಟ್ಟಿರ್ತೀವಿ. ಮೊಸಳೆ ಕಾಯ್ತಾ ಇರುತ್ತೆ."

ಕಾವಲುಗಾರ ಕೆಮ್ಮಿದ್ದು ಯಾಕೆಂದು ರಬ್ಬರಿಗೆ ಈಗ ಹೊಳೆಯಿತು. ಕಿವಿ ಕೆಂಪಾಯಿತು. ಲೈಸೆನ್ಸ್ ಅಲ್ಲಿ, ಪಾಸಿಲ್ಲ, ಬೆಳಿಗ್ಗೆಗೆ ರಾಜನ ಕೈಗಡಿಯಾರ. ಯಾವ ಕಡೆ ತಿರುಗಿದರೂ ಗೋಡೆ. ಆದರೂ ಬಗ್ಗುವ ಆಸಾಮಿಯೇ ಅವನು?

"ನಿಮ್ಮ ಕಾಗದ ರೆಡಿ ಮಾಡಿಟ್ಟಿರಿ," ಎಂದು ಪೂರಾ ಕಟ್ಟಡಕ್ಕೆ ಕೇಳುವಂತೆ ಗುಡುಗಿದ. "ಆದ್ರೆ ನಿಮ್ಮ ಪೆನ್ನನ್ನ ನಾನು ಕೈಯಲ್ಲೂ ಮುಟ್ಟಲ್ಲ, ತಿಳ್ಕೊಳ್ಳಿ! ಹಾಕಿದ್ರೆ ನನ್ನ ಸ್ವಂತ ಪೆನ್ನಲ್ಲೇ ಹಾಕ್ತೀನಿ!"

ಫೋನಿಟ್ಟು ಎದೆಯುಬ್ಬಿಸಿ ಜೇಬಿಗೆ ಕೈ ಹಾಕಿದ. ಆ ಜೇಬು ತಡವಿದ, ಈ ಜೇಬು ತಡವಿದ. ಅಮ್ಮ ಚಾದರ ಕೂಡ ಕೊಡವಿ ನೋಡಿದಳು. ಪೆನ್ನು ಸ್ಟುಡಿಯೋದ ಗೇಟಿನಲ್ಲಿ, ಕಾವಲುಗಾರನ ಪುಸ್ತಕದ ಮೇಲೆ ಉಳಿದಿತ್ತು.