ಟ್ರಾನ್ಸಿಟ್ ಎಂಬ ಊರು

ಟ್ರಾಕ್ಟರ್ ಕೆಡುವುದರಲ್ಲಿ ನಗುವಂಥದ್ದೇನೂ ಇಲ್ಲ. ಕಂಪನಿಗೆ ಕಾಗದ ಬರೆದ ದಿನದಿಂದ ನಗು ಶುರುವಾಗುತ್ತದೆ, ಆಮೇಲೆ ನಿಲ್ಲುವುದಿಲ್ಲ. ತೊಂಬತ್ತರ ದಶಕದ ಬಹುಭಾಗವನ್ನು ನಾನು ಕೆ.ಆರ್. ಪುರದ ಟ್ರಾಕ್ಟರ್ ಡೀಲರೊಬ್ಬರ ಅಂಗಡಿಯಲ್ಲಿ ಅಂಥ ಕಾಗದ ಬರೆಯುತ್ತ ಕಳೆದೆ. ಓದಿದ್ದು ತರ್ಕಶಾಸ್ತ್ರದಲ್ಲಿ ಎಂ.ಎ., ಸಿಕ್ಕಿದ್ದು ಸ್ಪೇರ್ ಪಾರ್ಟ್ಸ್ ಕೌಂಟರು. ಎರಡಕ್ಕೂ ಸಂಬಂಧವಿಲ್ಲ ಎಂದು ಮೊದಲ ವಾರದಲ್ಲೇ ಗೊತ್ತಾಯಿತು. ಅಲ್ಲಿ ಕಂಡದ್ದನ್ನೆಲ್ಲ ಬರೆದರೆ ಯಾರೂ ನಂಬುವುದಿಲ್ಲ. ಆದ್ದರಿಂದ ಒಂದು ಟ್ರಾಕ್ಟರಿನ ಒಂದು ಪಾರ್ಟಿನ ವಿಷಯವಷ್ಟೇ ಹೇಳುತ್ತೇನೆ.

೧. ಹಿಮ್ಮುಖ

ಒಂದು ಬೆಳಿಗ್ಗೆ ನಮ್ಮ ಅಂಗಡಿಗೆ ಒಂದು ಟ್ರಾಕ್ಟರ್ ಬೆನ್ನು ಮುಂದಾಗಿ ಬಂತು. ರಾಮಮೂರ್ತಿ ನಗರದಿಂದ ಅಲ್ಲಿಯವರೆಗೂ ರಿವರ್ಸ್ ಗೇರಿನಲ್ಲೇ. ಸೀಟಿನ ಮೇಲೆ ಬಿಳಿ ಪಂಚೆಯ ಯಜಮಾನರು ಕತ್ತು ತಿರುಗಿಸಿಕೊಂಡು ಕೂತಿದ್ದರು. ಇಳಿದ ಮೇಲೂ ಕತ್ತು ಸ್ವಲ್ಪ ಹೊತ್ತು ಹಾಗೇ ಇತ್ತು.

"ರಿವರ್ಸಲ್ಲಿ ಸಿಕ್ಕಾಕ್ಕೊಂಡ್ಬಿಟ್ಟಿದೆ ಸಾರ್. ಬೇರೆ ಯಾವ ಗೇರೂ ಬೀಳ್ತಿಲ್ಲ" ಎಂದರು.

ಯಜಮಾನರು ರಾಮಮೂರ್ತಿ ನಗರಕ್ಕೆ ಆ ಹೆಸರು ಬೀಳುವ ಮೊದಲು ಅಲ್ಲಿ ರಾಗಿ ಬೆಳೆಯುತ್ತಿದ್ದವರು. ಹೊಲವನ್ನು ಸೈಟು ಮಾಡಿ ಮಾರಿದ್ದರು. ಮಾರುವಾಗ ಬಾಯಿ ತಪ್ಪಿ ಒಂದು ಮಾತು ಕೊಟ್ಟಿದ್ದರು: "ನೀರಿನ ಯೋಚನೆ ಬೇಡ, ನಾನಿದ್ದೀನಿ." ಕೊಳಾಯಿ ಬರಲಿಲ್ಲ. ಹಾಗಾಗಿ ಹೊಸ ಟ್ರಾಕ್ಟರ್ ಕೊಂಡು, ಹಿಂದೆ ಟ್ಯಾಂಕರ್ ಕಟ್ಟಿ, ಉಳಿದಿದ್ದ ಒಂದು ಬೋರ್‌ವೆಲ್ಲಿನ ನೀರನ್ನು ತಮ್ಮದೇ ಹಳೆಯ ಹೊಲದಲ್ಲಿ ಎದ್ದ ಮನೆಗಳಿಗೆ ಹಂಚುತ್ತಿದ್ದರು. ಟ್ರಾಕ್ಟರ್ ನಿಂತರೆ ಮಾತು ನಿಂತಂತೆ.

ಮೆಕ್ಯಾನಿಕ್ ಗೇರ್ ಬಾಕ್ಸ್ ಬಿಚ್ಚಿದ. ಗೇರನ್ನು ತಳ್ಳುವ ಫೋರ್ಕು, ಎರಡು ಕವಲಿನ, ಮುಷ್ಟಿ ಗಾತ್ರದ ಉಕ್ಕಿನ ತುಂಡು, ಮುರಿದಿತ್ತು. ನಮ್ಮಲ್ಲಿ ಸ್ಟಾಕ್ ಇರಲಿಲ್ಲ. ಹೊಸ ಗಾಡಿಯಾದ್ದರಿಂದ ಉಚಿತ ಬದಲಿ ಕಳಿಸಿ ಎಂದು ಕಂಪನಿಗೆ ಕಾಗದ ಬರೆದೆ. ಕಂಪನಿಯಿಂದ ಹದಿನೈದು ದಿನದಲ್ಲಿ ಬರುತ್ತದೆ ಎಂದೆ. ಹಾಗೆ ಹೇಳಬೇಕೆಂದು ನನಗೆ ಕಲಿಸಿದ್ದರು.

"ದಾರೀಲಿ ಪೊಲೀಸ್‌ನೋರು ಹಿಡೀಲಿಲ್ವಾ ಯಜಮಾನ್ರೇ?"

"ಹಿಡಿದ್ರು. ಎಲ್ಲಿಗೆ ಹೋಗ್ತಿದ್ದೀಯಾ ಅಂದ್ರು. ಕೆ.ಆರ್. ಪುರಕ್ಕೆ ಅಂದೆ. 'ಗಾಡಿ ನೋಡಿದ್ರೆ ಅಲ್ಲಿಂದ ಬರ್ತಿರೋ ಹಾಗಿದೆ, ಸುಳ್ಳು ಹೇಳ್ತೀಯಾ' ಅಂತ ಬೈದು ಬಿಟ್ಟುಬಿಟ್ರು."

೨. ಸಂತೃಪ್ತಿ

ಹದಿನೈದು ದಿನ ಇಪ್ಪತ್ತೈದಾಯಿತು. ಇಪ್ಪತ್ತಾರನೆಯ ದಿನ ಕಂಪನಿಯಿಂದ ಕೊರಿಯರಿನಲ್ಲಿ ದೊಡ್ಡ ಪಾರ್ಸೆಲ್ ಬಂತು. ಮೆಕ್ಯಾನಿಕ್ ಸ್ಪ್ಯಾನರ್ ಹಿಡಿದುಕೊಂಡೇ ಓಡಿ ಬಂದ. ಬಿಚ್ಚಿದೆವು. ಒಳಗೆ ಎಂಟಡಿ ಬಟ್ಟೆಯ ಬ್ಯಾನರು, ಎರಡು ಡಜನ್ ಟೋಪಿ, ಒಂದು ಸುತ್ತೋಲೆ. ಬರುವ ವಾರ "ಗ್ರಾಹಕ ಸಂತೃಪ್ತಿ ಸಪ್ತಾಹ"ವಂತೆ. ಟ್ರಾಕ್ಟರನ್ನು ಅಲಂಕರಿಸಿ, ಸಂತೃಪ್ತ ಗ್ರಾಹಕರೊಡನೆ ನಿಲ್ಲಿಸಿ, ಫೋಟೋ ತೆಗೆದು ಮೂರು ದಿನದೊಳಗೆ ಕಳಿಸಬೇಕು. ತಡವಾದರೆ ವಿವರಣೆ ಕೊಡಬೇಕು.

ಅಂಗಳದಲ್ಲಿ ಇದ್ದದ್ದು ಒಂದೇ ಟ್ರಾಕ್ಟರ್, ಯಜಮಾನರದು. ಅದರ ರೇಡಿಯೇಟರಿಗೆ ಚೆಂಡುಹೂವಿನ ಹಾರ ಹಾಕಿ, ಬಾನೆಟ್ಟಿಗೆ ಕುಂಕುಮ ಇಟ್ಟು, ಎರಡು ಊದುಬತ್ತಿ ಸಿಕ್ಕಿಸಿದೆವು. ದಿನಾ ವಿಚಾರಿಸಲು ಬರುತ್ತಿದ್ದ ಯಜಮಾನರು ಅವತ್ತೂ ಬಂದರು. ಗೇಟಿನಲ್ಲೇ ನಿಂತು, ಹೆಗಲ ಮೇಲಿನ ಟವೆಲ್ ಕೈಗೆ ತೆಗೆದುಕೊಂಡು, ಮೆಲ್ಲನೆ ಕೇಳಿದರು:

"ಹೋಗ್ಬಿಡ್ತಾ ಸಾರ್?"

೩. ದೂರದ ಊರು

ಕಂಪನಿಯ ಏರಿಯಾ ಆಫೀಸು ಇಂದಿರಾನಗರದ ಒಂದು ಕಟ್ಟಡದ ಎರಡನೆಯ ಮಹಡಿಯಲ್ಲಿತ್ತು. ಟ್ರಾಕ್ಟರ್ ಹತ್ತಲಾರದ ಎತ್ತರ. ಅಲ್ಲಿನ ಅಧಿಕಾರಿಗೆ ವಾರಕ್ಕೆರಡು ಸಲ ಫೋನು ಮಾಡುತ್ತಿದ್ದೆ. ಎರಡು ತಿಂಗಳಾದ ಮೇಲೆ ಅವರು ಉತ್ಸಾಹದಿಂದ, "ಗುಡ್ ನ್ಯೂಸ್ ರೀ, ನಿಮ್ಮ ಮಾಲು ಟ್ರಾನ್ಸಿಟ್‌ನಲ್ಲಿದೆ" ಎಂದರು. ಎದುರಿಗಿದ್ದ ಯಜಮಾನರಿಗೆ ನಾನೂ ಹಾಗೇ ಹೇಳಿದೆ: "ಟ್ರಾನ್ಸಿಟ್‌ನಲ್ಲಿದೆಯಂತೆ."

"ಅದು ಯಾವ ಕಡೆ ಬರುತ್ತೆ ಸಾರ್? ಹೊಸಕೋಟೆ ಆಚೆಗಾ?"

ಆಗ ಬಿಡಿಸಿ ಹೇಳಬೇಕಿತ್ತು. ಇನ್ನೊಂದು ಫೋನು ಬಡಿದುಕೊಳ್ಳುತ್ತಿತ್ತು. "ಬಹಳ ದೂರ ಯಜಮಾನ್ರೇ" ಎಂದುಬಿಟ್ಟೆ.

ಮರುದಿನ ಬೆಳಿಗ್ಗೆ ಕೈಚೀಲ ಹಿಡಿದು ಬಂದರು. ಚೀಲದಲ್ಲಿ ಒಂದು ಜೊತೆ ಬಟ್ಟೆ, ಚಪಾತಿ, ಚಟ್ನಿಪುಡಿ. "ನಾನೇ ಹೋಗಿ ತಂದ್ಬಿಡ್ತೀನಿ ಸಾರ್. ಒಂದು ಚೀಟಿ ಬರ್ಕೊಡಿ ಸಾಕು. ಲಾರಿ ಬುಕಿಂಗ್ ಆಫೀಸಲ್ಲಿ ವಿಚಾರಿಸ್ಕೊಂಡೇ ಬಂದಿದ್ದೀನಿ."

"ಅವರೇನಂದ್ರು?"

"ಟ್ರಾನ್ಸಿಟ್‌ಗೆ ವಾರಕ್ಕೆರಡು ಗಾಡಿ ಹೋಗುತ್ತಂತೆ. ಆದ್ರೆ ಅಲ್ಲಿಂದ ವಾಪಸ್ ಬರೋಕೆ ಲೋಡ್ ಸಿಗಲ್ವಂತೆ."

ಲಾರಿ ಆಫೀಸಿನವನಿಗೆ ನಮ್ಮ ಕಂಪನಿಯ ಬಗ್ಗೆ ನನಗಿಂತ ಚೆನ್ನಾಗಿ ಗೊತ್ತಿತ್ತು. ಟ್ರಾನ್ಸಿಟ್ ಅಂದರೆ ಊರಲ್ಲ, ಮಾಲು ಇನ್ನೂ ದಾರಿಯಲ್ಲಿದೆ ಎಂದರ್ಥ ಎಂದು ಕೂರಿಸಿ ವಿವರಿಸಿದೆ. ಅವರು ಚೀಲವನ್ನು ಕೆಳಗಿಟ್ಟು ಯೋಚಿಸಿದರು.

"ಎರಡು ತಿಂಗಳಿಂದ ದಾರೀಲೇ ಇದೆಯಾ? ಹಾಗಾದ್ರೆ ಅದೂ ರಿವರ್ಸಲ್ಲೇ ಬರ್ತಿರ್ಬೇಕು."

ಚಪಾತಿಯನ್ನು ನಾವೆಲ್ಲ ಹಂಚಿಕೊಂಡು ತಿಂದೆವು. ಅರ್ಥ ತಿಳಿದ ಮೇಲೂ ಯಜಮಾನರು ಅದನ್ನು ಊರೆಂದೇ ಕರೆಯುತ್ತಿದ್ದರು. ಬಂದ ಕೂಡಲೇ, "ಟ್ರಾನ್ಸಿಟ್ ಕಡೆ ಮಳೆ ಬೆಳೆ ಹೇಗಿದೆಯಂತೆ ಸಾರ್?"

೪. ಫೋನು

ಇತ್ತ ಅವರ ಬೀದಿಗಳಲ್ಲಿ ಖಾಲಿ ಕೊಡಗಳ ಸಾಲು ಬೆಳೆಯಿತು. ಪಕ್ಕದ ಬಡಾವಣೆಯ ಲಾರಿ ಟ್ಯಾಂಕರಿನವನು ಒಂದೆರಡು ಸುತ್ತು ಹಾಕಿ, ಈ ಕಡೆಯೂ ನನ್ನದೇ ಆಗಲಿ ಎಂದು ನೋಡಿಕೊಂಡು ಹೋದ. ಯಜಮಾನರು ಮನೆಯಿಂದ ಹೊರಡಲು ಹಿತ್ತಲ ಬಾಗಿಲು ಹಿಡಿದರು. ಕೇಳಿದವರಿಗೆಲ್ಲ ನಮ್ಮ ಅಂಗಡಿಯ ಫೋನ್ ನಂಬರ್ ಕೊಟ್ಟರು.

ಮೊದಲು ಮಾಡಿದವರು ಧಾರವಾಡ ಕಡೆಯಿಂದ ಬಂದು ಅಲ್ಲಿ ಬಾಡಿಗೆಗಿದ್ದ ಒಬ್ಬ ಗೃಹಿಣಿ. ಮರ್ಯಾದೆಯಿಂದಲೇ ಶುರು ಮಾಡಿದರು.

"ನಮಸ್ಕಾರ್ರಿ. ನೀರು ಯಾವಾಗ ಬರ್ತದ್ರಿ?"

"ಇದು ಟ್ರಾಕ್ಟರ್ ಅಂಗಡಿ ಅಮ್ಮಾ."

"ಗೊತ್ತದ್ರಿ. ಯಜಮಾನ್ರನ್ನ ಕೇಳಿದ್ರ ನಿಮ್ಮನ್ನ ಕೇಳ್ರಿ ಅಂತಾರ. ನೀವು ಯಾರನ್ನ ಕೇಳ್ರಿ ಅಂತೀರಿ ಅದನ್ನರ ಹೇಳ್ರಿ."

ಪಾರ್ಟು ಟ್ರಾನ್ಸಿಟ್‌ನಲ್ಲಿದೆ ಎಂದೆ. ಅಭ್ಯಾಸವಾಗಿಬಿಟ್ಟಿತ್ತು.

"ಅಲ್ಲಿ ನೀರು ಬರ್ತದೇನ್ರಿ?" ಎಂದರು ಆಕೆ. "ಬರ್ತಿದ್ರ ಹೇಳ್ರಿ, ಅಲ್ಲೇ ಮನಿ ಮಾಡ್ತೇವಿ."

೫. ಶಿವಾಜಿನಗರ

ಮೂರನೆಯ ತಿಂಗಳು ಮೆಕ್ಯಾನಿಕ್ ನನ್ನ ಕಿವಿಯ ಹತ್ತಿರ ಬಂದು ಹೇಳಿದ: ಶಿವಾಜಿನಗರದಲ್ಲಿ ಒಬ್ಬ ಲೇತ್ ಭಾಯ್ ಇದ್ದಾನೆ, ಮುರಿದ ತುಂಡು ತೋರಿಸಿದರೆ ಅಂಥದ್ದೇ ಮಾಡಿಕೊಡುತ್ತಾನೆ. ನಿಯಮದ ಪ್ರಕಾರ ನಾನು ಯಜಮಾನರನ್ನು ಎಚ್ಚರಿಸಬೇಕಿತ್ತು. ಎಚ್ಚರಿಸಿದೆ.

"ಹೊರಗಿನ ಪಾರ್ಟ್ ಹಾಕಿದ್ರೆ ವಾರಂಟಿ ಹೋಗುತ್ತೆ."

"ವಾರಂಟಿ ಅಂದ್ರೆ ಏನು ಸಾರ್?"

"ಕೆಟ್ಟರೆ ಕಂಪನಿ ಸರಿ ಮಾಡಿಕೊಡುತ್ತೆ ಅಂತ."

"ಈಗ ಕೆಟ್ಟಿದೆ."

"ಹೌದು."

"ಸರಿ ಮಾಡಿಕೊಟ್ಟಿಲ್ಲ."

"ಇಲ್ಲ."

"ಮತ್ತೆ ಹೋಗೋಕೆ ಏನಿದೆ ಅದರಲ್ಲಿ?"

ಎಂ.ಎ.ಯಲ್ಲಿ ಎರಡು ವರ್ಷ ಕಲಿತದ್ದನ್ನು ನನ್ನ ಮೇಲೆ ಇಷ್ಟು ಚೊಕ್ಕವಾಗಿ ಯಾರೂ ಪ್ರಯೋಗಿಸಿರಲಿಲ್ಲ. ಇಬ್ಬರೂ ಬಸ್ಸು ಹತ್ತಿದೆವು.

ಭಾಯ್ ಅಂಗಡಿ ಇಬ್ಬರು ನಿಂತರೆ ಮೂರನೆಯವನು ಬೀದಿಯಲ್ಲಿ ನಿಲ್ಲುವಷ್ಟು ಅಗಲ. ಮುರಿದ ಫೋರ್ಕನ್ನು ಬೆಳಕಿಗೆ ಹಿಡಿದು ನೋಡಿದ. "ಕ್ಯಾ ಸಾಬ್, ಕಂಪನೀದು ಥರಾ ಬೇಕಾ, ಚೆನ್ನಾಗಿರೋದು ಬೇಕಾ?"

"ಚೆನ್ನಾಗಿರೋದೇ ಮಾಡಪ್ಪಾ" ಎಂದರು ಯಜಮಾನರು.

"ಶುಕ್ರವಾರ ನಮಾಜ್ ಆದ್ಮೇಲೆ ಬನ್ನಿ."

"ಯಾವ ಶುಕ್ರವಾರ?"

ಭಾಯ್ ನನ್ನ ಮುಖ ನೋಡಿದ. "ಈ ಶುಕ್ರವಾರ. ಬೇರೆ ಯಾವ್ದು ಇದೆ?" ಯಜಮಾನರು ಹೇಗೆ ಹೀಗಾದರು ಎಂದು ಅವನಿಗೆ ಹೇಳಲು ನನಗೆ ನಾಚಿಕೆಯಾಯಿತು.

ಶುಕ್ರವಾರ ಒಂದಲ್ಲ, ಎರಡು ಫೋರ್ಕು ಸಿದ್ಧವಾಗಿದ್ದವು. ಇನ್ನೊಂದು ಕೈಲಿರಲಿ ಎಂದು ಅವನೇ ಮಾಡಿದ್ದ. ಎರಡರ ಮೇಲೂ ಅವನ ಗುರುತು, ಪಂಚ್‌ನಿಂದ ಹೊಡೆದ ಮೂರು ಚುಕ್ಕಿ. ಅಳತೆಗೆ ಕೊಟ್ಟಿದ್ದ ಮುರಿದ ತುಂಡು ಅಷ್ಟರಲ್ಲಿ ಗುಜರಿಯ ಜೊತೆ ಕರಗಲು ಹೋಗಿಬಿಟ್ಟಿತ್ತು.

ಶನಿವಾರ ಟ್ರಾಕ್ಟರ್ ಮುಂದಕ್ಕೆ ಹೋಯಿತು. ಯಜಮಾನರು ಮಾತ್ರ ಹಳೆಯ ಅಭ್ಯಾಸದಲ್ಲಿ ಹಿಂದಕ್ಕೆ ನೋಡುತ್ತಲೇ ಓಡಿಸಿದರು. ನಮ್ಮ ಗೇಟಿನ ಕಂಬ ಈಗಲೂ ವಾಲಿಕೊಂಡಿದೆ.

೬. ಪರೀಕ್ಷೆ

ಟ್ರಾಕ್ಟರ್ ಓಡತೊಡಗಿದ ಹತ್ತನೆಯ ದಿನ ಕಂಪನಿ ನಮ್ಮ ಮೊದಲ ಕಾಗದಕ್ಕೆ ಉತ್ತರ ಬರೆಯಿತು. ಮುರಿದ ಭಾಗವನ್ನು ಪರೀಕ್ಷೆಗೆ ಕಳಿಸಿ, ಇಲ್ಲವಾದರೆ ಅರ್ಜಿ ರದ್ದು. ಹಾಗಾದರೆ ಟ್ರಾನ್ಸಿಟ್‌ನಲ್ಲಿದ್ದದ್ದು ಏನು ಎಂದು ಇಂದಿರಾನಗರಕ್ಕೆ ಫೋನು ಮಾಡಿ ಕೇಳಿದೆ. "ನಿಮ್ಮ ಕಾಗದ ರೀ" ಎಂದರು.

ರದ್ದಾಗಲಿ ಎಂದು ನಾನು ಸುಮ್ಮನಿದ್ದೆ. ಯಜಮಾನರು ಒಪ್ಪಲಿಲ್ಲ. "ನನ್ನ ಮಾತು ನಾನು ಉಳಿಸ್ಕೊಂಡೆ. ಅವರೂ ಕೊಡ್ತೀವಿ ಅಂತ ಮಾತು ಕೊಟ್ಟಿದ್ದಾರಲ್ಲ, ಏನು ಮಾಡ್ತಾರೋ ನೋಡೋಣ" ಎಂದು ಭಾಯ್ ಮಾಡಿದ ಎರಡನೆಯ ಫೋರ್ಕನ್ನು ಟವೆಲಿನಿಂದ ತೆಗೆದು ಮೇಜಿನ ಮೇಲಿಟ್ಟರು.

"ಇದು ಮುರಿದೇ ಇಲ್ಲವಲ್ಲ ಯಜಮಾನ್ರೇ."

"ಅಲ್ಲಿ ಯಾರು ನೋಡ್ತಾರೆ ಸಾರ್?"

ಕಳಿಸಿದೆವು. ಆದರೆ ನೋಡಿದರು. ನಾಲ್ಕು ತಿಂಗಳಾದ ಮೇಲೆ ಮೂರು ಜನ ಎಂಜಿನಿಯರುಗಳ ಸಹಿಯ ವರದಿ ಬಂತು. ತಾವು ಕಳಿಸಿದ ಭಾಗವನ್ನು ನಮ್ಮ ಪ್ರಯೋಗಾಲಯದಲ್ಲಿ ಕೂಲಂಕಷವಾಗಿ ಪರೀಕ್ಷಿಸಲಾಗಿದೆ, ಉಕ್ಕಿನ ಗಡಸುತನವೂ ಅಳತೆಯೂ ಕಂಪನಿಯ ಗುಣಮಟ್ಟಕ್ಕೆ ಸಂಪೂರ್ಣ ಅನುಗುಣವಾಗಿವೆ, ತಯಾರಿಕೆಯ ದೋಷವೇನೂ ಕಂಡುಬಂದಿಲ್ಲ, ಆದ್ದರಿಂದ ಬದಲಿ ಭಾಗವನ್ನು ಉಚಿತವಾಗಿ ಕೊಡಲಾಗದು, ಬೇಕಿದ್ದಲ್ಲಿ ಮಾಮೂಲು ಆರ್ಡರ್ ಹಾಕುವುದು.

ಕಳಿಸಿದ ಫೋರ್ಕು ವಾಪಸ್ ಬರಲಿಲ್ಲ, ಕೈಲೊಂದು ಇರಲಿ ಎಂದು ಯಜಮಾನರು ಹೇಳಿದ್ದಕ್ಕೆ ಮಾಮೂಲು ಆರ್ಡರ್ ಹಾಕಿದೆ. ವರದಿಯ ಒಂದು ಪ್ರತಿಯನ್ನು ಶಿವಾಜಿನಗರಕ್ಕೆ ಕೊಂಡುಹೋಗಿ ಓದಿ ಹೇಳಿದೆ. ಭಾಯ್ ಪೂರ್ತಿ ಕೇಳಿ, ಬೇಸರದಿಂದ ತಲೆ ಆಡಿಸಿದ.

"ಕಂಪನೀದು ಥರಾ ಇದೆ ಅಂತ ಬರ್ದಿದ್ದಾರಾ ಸಾಬ್? ನಾನು ಚೆನ್ನಾಗಿ ಮಾಡಿದ್ದೆ."

೭. ಆಗಮನ

ಮತ್ತೆ ನಾಲ್ಕು ತಿಂಗಳು. ಆರ್ಡರನ್ನು ನಾನು ಮರೆತಿದ್ದೆ, ಯಜಮಾನರು ಮರೆತಿರಲಿಲ್ಲ. ಒಂದು ದಿನ ಪೆಟ್ಟಿಗೆ ಬಂತು. ಹಳದಿ ಪೆಟ್ಟಿಗೆ, ಅದರೊಳಗೆ ಥರ್ಮೋಕೋಲು, ಅದರೊಳಗೆ ಎಣ್ಣೆಕಾಗದ, ಮೇಲೆ ಹೊಳೆಯುವ ಸ್ಟಿಕರು: "ಅಸಲಿ ಬಿಡಿಭಾಗ. ನಕಲಿಗಳ ಬಗ್ಗೆ ಎಚ್ಚರ." ಯಜಮಾನರಿಗೆ ಹೇಳಿ ಕಳಿಸಿದೆ. ನೀರು ತುಂಬಿದ ಟ್ಯಾಂಕರ್ ಸಮೇತ ಬಂದು, ಎಂಜಿನ್ ಆರಿಸದೆ ಗೇಟಿನಲ್ಲಿ ನಿಲ್ಲಿಸಿದರು. ಎರಡು ಬೀದಿಗೆ ಇನ್ನೂ ಹಾಕಬೇಕಿತ್ತು.

"ಬೇಗ ಸಾರ್. ಧಾರವಾಡದಮ್ಮ ಕೊಡ ಇಟ್ಕೊಂಡು ಕಾಯ್ತಿದ್ದಾರೆ."

ಮೆಕ್ಯಾನಿಕ್ ಎಣ್ಣೆಕಾಗದ ಬಿಡಿಸಿದ. ಫೋರ್ಕು ಕಂಪನಿಯ ಬಣ್ಣ ಬಳಿದುಕೊಂಡು ಮಿರಮಿರ ಮಿಂಚುತ್ತಿತ್ತು. ಅವನು ಅದನ್ನು ತಿರುಗಿಸಿ ತಿರುಗಿಸಿ ನೋಡಿದ. ನನಗೆ ಕೊಟ್ಟ. ನಾನು ಉಗುರಿನಿಂದ ಬಣ್ಣ ಕೆರೆದೆ. ಕೆಳಗೆ ಮೂರು ಚುಕ್ಕಿ.

ತರ್ಕಕ್ಕೆ ಅದರಲ್ಲಿ ತೊಡಕೇನೂ ಇರಲಿಲ್ಲ. ದೋಷವಿಲ್ಲದ ಪಾರ್ಟು ಎಂದ ಮೇಲೆ ಅದು ಅವರ ಗೋಡೌನಿಗೆ ಸೇರಬೇಕು, ಗೋಡೌನಿನಲ್ಲಿರುವುದು ಆರ್ಡರ್ ಹಾಕಿದವರಿಗೆ ಹೋಗಬೇಕು, ಆರ್ಡರ್ ಹಾಕಿದವನು ನಾನು. ಇದನ್ನೆಲ್ಲ ಯಜಮಾನರಿಗೆ ಹೇಗೆ ಹೇಳುವುದೆಂದು ತಿಳಿಯದೆ ಫೋರ್ಕನ್ನು ಅವರ ಕೈಗಿಟ್ಟೆ.

ಅವರು ಚುಕ್ಕಿಗಳ ಮೇಲೆ ಹೆಬ್ಬೆರಳಾಡಿಸಿದರು. ಪೆಟ್ಟಿಗೆ ನೋಡಿದರು, ಸ್ಟಿಕರ್ ನೋಡಿದರು, ಮತ್ತೆ ಚುಕ್ಕಿ ನೋಡಿದರು. ಹೊರಗೆ ಟ್ರಾಕ್ಟರ್ ಗುಡುಗುಡು ಎನ್ನುತ್ತಿತ್ತು.

"ಟ್ರಾನ್ಸಿಟ್‌ನಿಂದ ಬಂದಿದ್ದಾ ಸಾರ್ ಇದು?"

"ಹೂಂ."

"ನಮ್ಮ ಭಾಯ್ ಅಲ್ಲೂ ಒಂದು ಅಂಗಡಿ ಇಟ್ಟಿದ್ದಾನಾ?"