ತೂಕದ ರೆಕಾರ್ಡು

ತಗಾದೆ ಶುರುವಾದದ್ದು ಹೊಲಿಗೆ ಮಷೀನಿನಿಂದ. ಭದ್ರಾವತಿಯ ಕ್ವಾರ್ಟರ್ಸಿನ ಸಾಲುಮನೆಗಳ ಲೈನಿನಲ್ಲಿದ್ದ ಒಂದೂವರೆ ಕೋಣೆಯ ಮನೆಯಲ್ಲಿ ಅದನ್ನಿಡಲು ಇದ್ದದ್ದು ಒಂದೇ ಮೂಲೆ. ಆ ಮೂಲೆಯಲ್ಲಿ ನಾಗಯ್ಯನ ರೆಕಾರ್ಡ್ ಪ್ಲೇಯರು ಹತ್ತೊಂಬತ್ತು ರೆಕಾರ್ಡುಗಳೊಡನೆ ಸಂಸಾರ ಹೂಡಿ ಕೂತಿತ್ತು. ಊರೆಲ್ಲ ಕ್ಯಾಸೆಟ್ಟು ಕೇಳುವ ಕಾಲದಲ್ಲಿ ಈ ಕರಕರ ಯಾಕೆ ಎಂದು ಹೆಂಡತಿ ಮಹಾಂತಮ್ಮ ಕೇಳಿದಳು.

ನಾಗಯ್ಯ ಕಾಗದದ ಕಾರ್ಖಾನೆಯಲ್ಲಿ ಇಪ್ಪತ್ತು ವರ್ಷ ಹಾಳೆ ತೂಗಿದವನು. ತೆಂಗಿನಕಾಯಿ, ಸೌತೆಕಾಯಿ, ಬೀಗರು, ಎಲ್ಲವನ್ನೂ ತೂಕದಿಂದಲೇ ಅಳೆಯುತ್ತಿದ್ದ. ಹಾಳೆ ತೂಕವಾಗಿದ್ದರೆ ಅಕ್ಷರ ಚೆನ್ನಾಗಿ ಕೂರುತ್ತದೆ, ರೆಕಾರ್ಡು ತೂಕವಾಗಿದ್ದರೆ ಹಾಡು ಚೆನ್ನಾಗಿ ಕೂರುತ್ತದೆ, ಕರಕರವೆಲ್ಲ ತೆಳ್ಳಗಿನ ರೆಕಾರ್ಡಿನ ದೋಷ ಎಂದು ವಾದಿಸಿದ.

"ಇವತ್ತು ಭಾನುವಾರ. ಆ ತೂಕದ ಪ್ಲೇಟು ತನ್ನಿ," ಎಂದಳು ಮಹಾಂತಮ್ಮ. "ಲೈನಿನೋರೆಲ್ಲ ಕೇಳಿ ಸೌಂಡು ಚೆನ್ನಾಗಿದೆ ಅಂದ್ರೆ ಮೂಲೆ ನಿಮ್ದು. ಇಲ್ದಿದ್ರೆ ಮಷೀನಿಂದು."

ನಾಗಯ್ಯ ಹತ್ತೊಂಬತ್ತನ್ನೂ ಚೀಲಕ್ಕೆ ತುಂಬಿ ಶಿವಮೊಗ್ಗದ ಬಸ್ಸು ಹತ್ತಿದ. ಬಲಗಡೆ ಮನೆಯ ಶಿವಕುಮಾರ್, ಯಾರೂ ಕರೆಯದಿದ್ದರೂ, ಸಲಹೆ ಕೊಡಲು ಜೊತೆಗೆ ಹತ್ತಿದ.

ಕೋಟೆ ರಸ್ತೆಯ ಜನಾರ್ದನ ರೇಡಿಯೊ ರಿಪೇರಿಯ ಜೊತೆಗೆ ಹಳೆಯ ರೆಕಾರ್ಡುಗಳನ್ನೂ ಇಟ್ಟಿದ್ದ. ಕರೆಂಟು ಹೋಗಿದ್ದರಿಂದ ಹಾಕಿ ಕೇಳುವಂತಿರಲಿಲ್ಲ. ಶಿವಕುಮಾರ್ ಪಕ್ಕದ ದಿನಸಿ ಅಂಗಡಿಯ ತಕ್ಕಡಿ ತರಿಸಿ ಒಂದೊಂದನ್ನೇ ತೂಗಿಸಿದ. ಸಕ್ಕರೆ ಕೊಳ್ಳಲು ಬಂದವರು ಕಾಯುತ್ತ ನಿಂತರು. ಕೊನೆಗೆ ಚೀಟಿ ಹರಿದುಹೋಗಿದ್ದ ಒಂದು ರೆಕಾರ್ಡು ಇನ್ನೂರು ಗ್ರಾಂ ಮುಟ್ಟಿ ಗೆದ್ದಿತು. ಹತ್ತೊಂಬತ್ತಕ್ಕೆ ಅದೊಂದು ಎಂದು ಒಪ್ಪಂದವಾಯಿತು. ಜನಾರ್ದನ ಒಳ್ಳೆಯ ಮನುಷ್ಯ. ಅದರಲ್ಲಿ ಏನಿದೆ ಎಂದು ಹೇಳಲು ಬಾಯಿ ತೆರೆದ.

"ಏನಾದ್ರೂ ಇರ್ಲಿ ಸ್ವಾಮಿ," ಎಂದ ನಾಗಯ್ಯ. "ತೂಕ ಇದೆಯಲ್ಲ, ಸಾಕು."

ಮಧ್ಯಾಹ್ನ ಮೂರಕ್ಕೆ ಲೈನೆಲ್ಲ ಬಂದು ಸೇರಿತು. ಬಾರದವನು ಎಡಗಡೆ ಮನೆಯ ಮಾರಪ್ಪ ಒಬ್ಬನೇ. ನೈಟ್ ಶಿಫ್ಟು ಮುಗಿಸಿ ಮಲಗಿದ್ದ. ಅವನು ಮಲಗಿದರೆ ಕಾರ್ಖಾನೆಯ ಸೈರನ್ನಿಗೂ ಏಳುವವನಲ್ಲ, ಮುಖಕ್ಕೆ ನೀರು ಎರಚಿ ಎರಚಿ ಹೆಂಡತಿ ಹುಚ್ಚಮ್ಮನಿಗೆ ಸಾಕಾಗಿತ್ತು. ಶಿವಕುಮಾರ್ ಸ್ಪೀಕರನ್ನು ಕಿಟಕಿಯಲ್ಲಿಟ್ಟು ವಾಲ್ಯೂಮನ್ನು ಪೂರ್ತಿ ತಿರುಗಿಸಿದ. ನಾಗಯ್ಯ ಮುಳ್ಳು ಇಳಿಸಿದ.

ಒಂದು ಕರಕರವೂ ಇಲ್ಲ. ನಾಗಯ್ಯನ ಮುಖ ಅರಳಿತು. ಆಮೇಲೆ ಸೈರನ್ ಕೂಗಿತು. ನಾಟಕದವರು ಪರದೆಯ ಹಿಂದೆ ಹಾಕುವ ಸದ್ದುಗಳ ರೆಕಾರ್ಡು ಅದು. ಹಾಡೆಂಬುದು ಎರಡು ಬದಿಯಲ್ಲೂ ಇರಲಿಲ್ಲ. ಎಡಗಡೆ ಮನೆಯ ಬಾಗಿಲು ದಡಾರನೆ ತೆರೆಯಿತು. ಮಾರಪ್ಪ ಲುಂಗಿಯ ಮೇಲೆ ಯೂನಿಫಾರಂ ಅಂಗಿ ಸಿಕ್ಕಿಸಿಕೊಂಡು, ಸೈಕಲ್ ಹತ್ತಿ, ಕಾರ್ಖಾನೆಯ ಗೇಟಿನ ಕಡೆ ಓಡಿಸಿಕೊಂಡು ಹೋದ.

ಮೂಲೆ ಹೋಯಿತು ಅಂದುಕೊಂಡ ನಾಗಯ್ಯ. ಆದರೆ ತೀರ್ಪು ಕೊಟ್ಟವಳು ಹುಚ್ಚಮ್ಮ.

"ಕಾರ್ಖಾನೆ ಸೈರನ್ನಿಗೇ ಏಳದ ಮನುಷ್ಯ ಇದಕ್ಕೆ ಎದ್ದ. ಸೌಂಡು ಅಂದ್ರೆ ಇದು ನೋಡಿ."

ಲೈನೆಲ್ಲ ತಲೆಯಾಡಿಸಿತು. ಮಹಾಂತಮ್ಮ ಮಾತಿಗೆ ತಪ್ಪುವವಳಲ್ಲ, ಮೂಲೆ ಬಿಟ್ಟುಕೊಟ್ಟಳು. ಗೆದ್ದ ಸಂತೋಷಕ್ಕೆ ಒಂದು ಹಾಡು ಕೇಳೋಣವೆನಿಸಿತು ನಾಗಯ್ಯನಿಗೆ. ಹಾಡುಗಳೆಲ್ಲ ಕೋಟೆ ರಸ್ತೆಯಲ್ಲಿದ್ದವು.

ಹುಚ್ಚಮ್ಮ ಹೊರಟವಳು ಹೊಸಿಲಲ್ಲಿ ತಿರುಗಿದಳು.

"ನಾಳೆಯಿಂದ ನಮ್ಮೋರಿಗೆ ಫಸ್ಟ್ ಶಿಫ್ಟು. ದಿನಾ ಬೆಳಿಗ್ಗೆ ಐದಕ್ಕೆ ಒಂದ್ಸಲ ಹಾಕ್ಬಿಡಿ ನಾಗಯ್ನೋರೆ."

ನಾಗಯ್ಯನದು ಜನರಲ್ ಶಿಫ್ಟು, ಏಳರವರೆಗೆ ಮಲಗುವ ಅಭ್ಯಾಸ. ಅದನ್ನು ಹೇಳಲು ಅವನು ಬಾಯಿ ತೆರೆಯುವಷ್ಟರಲ್ಲಿ ಮಹಾಂತಮ್ಮ ಅಲಾರಾಂ ಗಡಿಯಾರವನ್ನು ನಾಲ್ಕೂ ಮುಕ್ಕಾಲಿಗೆ ತಿರುಗಿಸಿ ಕೀ ಕೊಡುತ್ತಿದ್ದಳು.