ನನ್ನ ಪಾಸ್‌ಪೋರ್ಟಿನಿಂದ ಕಾಣೆಯಾದ ಎರಡು ‘ಅಪ್ಪ’

ಅರ್ಜಿ ತುಂಬುವ ವಿಷಯದಲ್ಲಿ ನನಗೆ ಯಾರೂ ಪಾಠ ಹೇಳಬೇಕಾಗಿಲ್ಲ ಎಂದು ನಾನು ಬಹಳ ವರ್ಷ ನಂಬಿದ್ದೆ. ನಂಬಲು ಕಾರಣವೂ ಇತ್ತು. ಶಿಡ್ಲಘಟ್ಟ ತಾಲ್ಲೂಕಿನ ದಿಬ್ಬೂರಹಳ್ಳಿಯಲ್ಲಿ ಹಾಲಿನ ಸೊಸೈಟಿ ಸೆಕ್ರೆಟರಿಯಾಗಿದ್ದಾಗ ರೇಷನ್ ಕಾರ್ಡಿನಿಂದ ಹಿಡಿದು ವೃದ್ಧಾಪ್ಯ ವೇತನದವರೆಗೆ ಊರವರ ಅರ್ಜಿಗಳನ್ನೆಲ್ಲ ತುಂಬುತ್ತಿದ್ದವನು ನಾನು. ಹಾಗಾಗಿ ನರ್ಸ್ ಆಗಿದ್ದ ನನ್ನ ಹೆಂಡತಿ ಲಕ್ಷ್ಮೀದೇವಮ್ಮನಿಗೆ ನ್ಯೂಜಿಲೆಂಡಿನಲ್ಲಿ ಕೆಲಸ ಸಿಕ್ಕಿ, ಅವಳ ಹಿಂದೆ ನಾನೂ ಹೊರಟಾಗ, ಮನೆಯ ಕಾಗದಪತ್ರ ಖಾತೆ ಸಹಜವಾಗಿಯೇ ನನ್ನ ಪಾಲಿಗೆ ಬಂತು.

ಅಲ್ಲಿ ನನಗೆ ಹಾಲಿನ ಪುಡಿ ಕಾರ್ಖಾನೆಯಲ್ಲಿ ಕೆಲಸ. ಐದಾರು ವರ್ಷ ಕಳೆದ ಮೇಲೆ ಅಲ್ಲಿನ ನಾಗರಿಕರಾದೆವು. ಭಾರತ ಸರ್ಕಾರವೂ ಆಗಷ್ಟೇ ನಮ್ಮಂಥವರಿಗೆ ಸಾಗರೋತ್ತರ ನಾಗರಿಕ ಎಂಬ ಪುಸ್ತಕ ಕೊಡಲು ಶುರುಮಾಡಿತ್ತು. ಅದಿದ್ದರೆ ಜೀವಮಾನವಿಡೀ ಇಲ್ಲಿಗೆ ವೀಸಾ ಬೇಡ. ಅದೂ ಬಂತು. ಊರಿಗೆ ಫೋನ್ ಮಾಡಿ, ನಾನೀಗ ಡಬಲ್ ಸಿಟಿಜನ್ ಎಂದು ಹೇಳಿಕೊಂಡೆ.

ಒಂದೇ ಒಂದು ಕಿರಿಕಿರಿ ಉಳಿದಿತ್ತು. ನನ್ನ ಹೆಸರು. ದಿಬ್ಬೂರಹಳ್ಳಿ ನಾರಾಯಣಪ್ಪ ಕೃಷ್ಣಪ್ಪ. ಊರಿನ ಹೆಸರು, ಅಪ್ಪನ ಹೆಸರು, ನನ್ನ ಹೆಸರು. ಅಲ್ಲಿನ ಯಾವ ಅರ್ಜಿಯ ಚೌಕಗಳಿಗೂ ಇದು ಹಿಡಿಸುತ್ತಿರಲಿಲ್ಲ. ಬ್ಯಾಂಕಿನ ಕಾರ್ಡಿನಲ್ಲಿ ನಾನು ‘ಕೃಷ್’ ಎಂಬಲ್ಲಿಗೇ ಮುಗಿದುಹೋಗಿದ್ದೆ. ಕಾರ್ಖಾನೆಯಲ್ಲಿ ಮೇಸ್ತ್ರಿ ನನ್ನನ್ನು ಮಿಸ್ಟರ್ ಡಿಬಲ್ ಎಂದು ಕೂಗುತ್ತಿದ್ದ. ಅಲ್ಲಿ ಹೆಸರು ಬದಲಾಯಿಸುವುದು ಸುಲಭ. ಒಂದು ಅರ್ಜಿ ಹಾಕಿದೆ, ಕೃಷ್ಣ ದಿಬ್ಬೂರ್ ಆದೆ. ಹಳೆಯ ಪಾಸ್‌ಪೋರ್ಟ್ ಕೊಟ್ಟು ಹೊಸ ಹೆಸರಿನದನ್ನು ತೆಗೆದುಕೊಂಡೆ. ಹೊಸ ಅಂಗಿ ಹಾಕಿಕೊಂಡಷ್ಟು ಖುಷಿಯಾಯಿತು!

ನೀನೂ ಲಕ್ಷ್ಮಿ ದಿಬ್ಬೂರ್ ಆಗು ಎಂದು ಹೆಂಡತಿಗೂ ಹೇಳಿದೆ.

“ನನ್ನ ಹೆಸರು ಹೇಳೋಕೆ ಬರ್ದಿದ್ರೆ ಕಲ್ತ್ಕೊಳ್ಳಲಿ. ಮಾತ್ರೆ ಹೆಸರುಗಳು ಇದಕ್ಕಿಂತ ಉದ್ದ ಇರ್ತವೆ. ಅವನ್ನೆಲ್ಲ ಹೇಳಲ್ವಾ?” ಎಂದಳು. ಆಮೇಲೆ, ಆ ಸಾಗರೋತ್ತರ ಪುಸ್ತಕದಲ್ಲಿ ಹಳೇ ಹೆಸರೇ ಇದೆಯಲ್ಲ, ಅದನ್ನೂ ಸರಿಮಾಡಿಸಬೇಕಲ್ಲವೇ ಎಂದು ಕೇಳಿದಳು. ಅದೆಲ್ಲ ಏನೂ ಬೇಕಾಗಿಲ್ಲ, ಫೋಟೋ ನನ್ನದೇ ಇದೆ ಎಂದು ಅವಳ ಬಾಯಿ ಮುಚ್ಚಿಸಿದೆ.

ಅದೇ ವರ್ಷ ಚಿಂತಾಮಣಿಯಲ್ಲಿ ನಮ್ಮಕ್ಕನ ಮಗಳು ರೇಖಾಳ ಮದುವೆ ನಿಶ್ಚಯವಾಯಿತು. ನಾನು ಒಬ್ಬನೇ ಸೋದರಮಾವ. ಹುಡುಗಿಯನ್ನು ಹಸೆಮಣೆಗೆ ಕರೆತರಬೇಕಾದವನು ನಾನೇ. ನೀನು ಬರದಿದ್ದರೆ ಮುಹೂರ್ತವನ್ನೇ ಮುಂದಕ್ಕೆ ಹಾಕ್ತೀನಿ ಎಂದು ಅಕ್ಕ ಹೆದರಿಸಿದ್ದಳು. ಮದುವೆಯ ಹಿಂದಿನ ದಿನ ಬೆಳಿಗ್ಗೆ ಹನ್ನೊಂದಕ್ಕೆ ಇಳಿಯುವಂತೆ ಟಿಕೆಟ್ ಮಾಡಿಸಿದೆ. ದೇವನಹಳ್ಳಿಯ ಹೊಸ ವಿಮಾನ ನಿಲ್ದಾಣ ಶುರುವಾಗಿ ಹೆಚ್ಚು ದಿನವಾಗಿರಲಿಲ್ಲ. ಅಲ್ಲಿಂದ ನಮ್ಮೂರಿಗೆ ಎಷ್ಟು ದೂರ? ಮಧ್ಯಾಹ್ನದ ಮುದ್ದೆ ಊಟಕ್ಕೆ ಮನೆಯಲ್ಲಿರುತ್ತೇವೆ ಎಂದು ಅಪ್ಪನಿಗೆ ಹೇಳಿದ್ದೆ.

ತಪಾಸಣೆಯ ಸಾಲಿನಲ್ಲಿ ಲಕ್ಷ್ಮೀದೇವಮ್ಮ ನನಗಿಂತ ಮುಂದಿದ್ದಳು. ಅವಳ ಎರಡೂ ಪುಸ್ತಕ ನೋಡಿ ಪಾಸ್‌ಪೋರ್ಟಿಗೆ ಮುದ್ರೆ ಹಾಕಿದರು. ಅವಳು ಆಚೆ ಹೋದಳು. ನನ್ನ ಸರದಿಯಲ್ಲಿ ಅಧಿಕಾರಿ ಈ ಪುಸ್ತಕ ನೋಡಿದರು, ಆ ಪುಸ್ತಕ ನೋಡಿದರು, ನನ್ನ ಮುಖ ನೋಡಿದರು.

“ಈ ಕೃಷ್ಣಪ್ಪ ಯಾರು?” ಎಂದು ಕೇಳಿದರು.

ನಾನೇ ಎಂದೆ. ಹಾಗಾದರೆ ಕೃಷ್ಣ ದಿಬ್ಬೂರ್ ಯಾರು ಎಂದರು. ಅದೂ ನಾನೇ ಎಂದೆ. ಹೆಸರು ಬದಲಾಯಿಸಿದ ಪ್ರಮಾಣಪತ್ರ ಕೊಡಿ ಎಂದರು. ಅದು ಮನೆಯ ಬೀರುವಿನಲ್ಲಿ ಭದ್ರವಾಗಿತ್ತು. ನ್ಯೂಜಿಲೆಂಡ್ ಮನೆಯ ಬೀರುವಿನಲ್ಲಿ!

ನನ್ನನ್ನು ಪಕ್ಕದ ಕೋಣೆಯಲ್ಲಿ ಕೂರಿಸಿದರು. ಗಾಜಿನ ಆಚೆ ಹೆಂಡತಿ ಲಗೇಜಿನ ಮೇಲೆ ಕುಳಿತು ನನ್ನನ್ನು ನೋಡುತ್ತಿದ್ದಳು. ಒಂದು ಗಂಟೆ ಕಳೆಯಿತು. ಸಂಜೆ ಆರತಕ್ಷತೆ, ಬೆಳಿಗ್ಗೆ ಮುಹೂರ್ತ, ಅಲ್ಲಿ ಸೋದರಮಾವನ ಜಾಗ ಖಾಲಿ ಎಂದು ಯೋಚಿಸಿ ನನಗೆ ನಿಜವಾಗಿ ಬೆವರು ಬಂತು.

ಕೊನೆಗೆ ಆ ಅಧಿಕಾರಿಗೇ ಕನಿಕರ ಹುಟ್ಟಿತು. ಹೊರಗೆ ನಿಮ್ಮವರು ಯಾರಾದರೂ ಇದ್ದಾರೆಯೇ ಎಂದು ಕೇಳಿದರು. ಟೆಂಪೋ ಮಾಡಿಕೊಂಡು ಭಾವನೂ ಅಪ್ಪನೂ ಬಂದಿದ್ದರು. ಭಾವನ ಮೊಬೈಲ್ ನಂಬರ್ ಕೊಟ್ಟೆ. ಫೋನು ಅಪ್ಪನ ಕೈಗೆ ಹೋಯಿತು. ಅಪ್ಪ ಫೋನಿನಲ್ಲಿ ಮಾತಾಡಿದರೆ ಸ್ಪೀಕರ್ ಬೇಕಾಗಿಲ್ಲ, ಕೋಣೆಯವರೆಲ್ಲ ಕೇಳಿಸಿಕೊಂಡರು.

“ಕೃಷ್ಣ ದಿಬ್ಬೂರ್ ಅನ್ನೋರು ಇಲ್ಲಿದಾರೆ. ನಿಮಗೆ ಗೊತ್ತಾ?” ಎಂದರು ಅಧಿಕಾರಿ.

“ಆ ಹೆಸರಿನೋರು ನಮ್ಮ ವಂಶದಲ್ಲೇ ಯಾರೂ ಇಲ್ಲ ಸ್ವಾಮಿ. ನನ್ನ ಮಗ ಕೃಷ್ಣಪ್ಪ. ಅವನಿನ್ನೂ ಆಚೆಗೇ ಬಂದಿಲ್ಲ.”

ನಾನು ಫೋನು ಕೇಳಿ ಪಡೆದು, ಅಪ್ಪಾ, ನಾನೇ ಅಂದೆ.

“ನೀನಾ? ಮತ್ತೆ ಅವನ್ಯಾರೋ?”

ಹೆಸರು ಬದಲಾಯಿಸಿದ್ದನ್ನು ನಾನು ಮನೆಯಲ್ಲಿ ಹೇಳಿಯೇ ಇರಲಿಲ್ಲ. ಈಗ ಹೇಳಿದೆ, ನಾಲ್ಕು ಜನ ಅಧಿಕಾರಿಗಳ ಎದುರಿಗೆ. ಆಮೇಲೆ ಅಪ್ಪ ಅಧಿಕಾರಿಗೆ ಫೋನು ಕೊಡಲು ಹೇಳಿ, ನನ್ನ ಗುರುತುಗಳನ್ನು ಒಪ್ಪಿಸತೊಡಗಿದರು. ಹಣೆಯ ಮೇಲ್ಗಡೆ, ಕೂದಲ ಒಳಗೆ, ಒಂದು ಗಾಯದ ಗುರುತಿದೆ. ಹಾಲಿನ ಕ್ಯಾನಿನ ಮೇಲೆ ಬಿದ್ದಿದ್ದು. ಕ್ಯಾನು ಖಾಲಿ ಇತ್ತು. ಏಳನೇ ಕ್ಲಾಸಿನಲ್ಲಿ ಒಂದು ಸಲ ಫೇಲು. ಹಸುವಿಗೆ ಹೆದರುತ್ತಾನೆ, ಎಮ್ಮೆಗೆ ಹೆದರುವುದಿಲ್ಲ.

ಹಾಲಿನ ಸೊಸೈಟಿಯ ಮಾಜಿ ಸೆಕ್ರೆಟರಿ ತಲೆ ಬಗ್ಗಿಸಿ ಕೂದಲು ಸರಿಸಿ ಗಾಯ ತೋರಿಸಿದ. ಮೇಲಧಿಕಾರಿ ಬಂದು ನೋಡಿದರು, ಕಂಪ್ಯೂಟರಿನಲ್ಲಿ ಹಳೆಯ ದಾಖಲೆ ತೆಗೆಸಿದರು, ನನ್ನಿಂದ ಬರೆಸಿಕೊಂಡರು. ವಾಪಸ್ ಹೋಗುವಾಗ ಎರಡೂ ಹೆಸರು ಒಬ್ಬನದೇ ಎಂದು ನೋಟರಿ ಅಫಿಡವಿಟ್ ಜೊತೆಗಿಟ್ಟುಕೊಂಡು ಬನ್ನಿ ಎಂದು ಎಚ್ಚರಿಸಿ ಬಿಟ್ಟರು. ಆಗ ಮಧ್ಯಾಹ್ನ ಮೂರು ಗಂಟೆ.

ಟೆಂಪೋ ದೇವನಹಳ್ಳಿ ಪಕ್ಕದ ವಿಜಯಪುರ ದಾಟುವವರೆಗೂ ಅಪ್ಪ ಕಿಟಕಿಯ ಆಚೆಯೇ ನೋಡುತ್ತಿದ್ದರು. ನಾನು ಚೌಕಗಳ ಕಷ್ಟ ವಿವರಿಸಿದೆ. ಅವರು ಎಲ್ಲ ಕೇಳಿಸಿಕೊಂಡರು.

“ನಿನ್ನ ಹೆಸರಲ್ಲಿ ಎರಡು ಅಪ್ಪ ಇದ್ದವು ಕಣಪ್ಪ. ನಾರಾಯಣಪ್ಪ ಒಂದು, ಕೃಷ್ಣಪ್ಪ ಒಂದು. ಒಂದಾದ್ರೂ ಉಳಿಸಬಾರದಾಗಿತ್ತಾ?”

ಅಷ್ಟು ಅರ್ಜಿ ತುಂಬಿದ ನನಗೆ ಆ ಲೆಕ್ಕ ಹೊಳೆದೇ ಇರಲಿಲ್ಲ. ವಾಪಸ್ ಹೋದ ಕೂಡಲೇ ಹಳೆಯ ಹೆಸರಿಗೇ ಅರ್ಜಿ ಹಾಕ್ತೀನಿ ಎಂದೆ. ಹಿಂದಿನ ಸೀಟಿನಿಂದ ಲಕ್ಷ್ಮೀದೇವಮ್ಮ, ಆ ಅರ್ಜಿ ನಾನು ತುಂಬ್ತೀನಿ ಎಂದಳು.

ಮರುದಿನ ರೇಖಾಳನ್ನು ಹಸೆಮಣೆಗೆ ಕರೆತಂದೆ. ಪುರೋಹಿತರು ಸೋದರಮಾವನ ಹೆಸರೇನು ಎಂದು ಕೇಳಿದ್ದೇ ತಡ, ನಾನು ಬಾಯಿ ತೆರೆಯುವ ಮೊದಲೇ ಅಪ್ಪ ಊರ ಸಮೇತ, ತಮ್ಮ ಹೆಸರಿನ ಸಮೇತ, ಇಡೀ ಛತ್ರಕ್ಕೆ ಕೇಳುವಂತೆ ಹೇಳಿದರು.

ಮದುವೆ ಮುಗಿದ ಮೇಲೆ ಅಫಿಡವಿಟ್ ಮಾಡಿಸಲು ಶಿಡ್ಲಘಟ್ಟದ ಕೋರ್ಟಿನ ಬಳಿ ಹೋದೆವು. ಮರದ ಕೆಳಗೆ ಕುಳಿತಿದ್ದ ಟೈಪಿಸ್ಟ್ ನನ್ನ ಕಥೆಯನ್ನು ಪೂರ್ತಿ ಹೇಳಲು ಬಿಡಲಿಲ್ಲ. “ಪರವಾಲೇದು ಬಿಡಿ ಸಾರ್, ಕೃಷ್ಣಪ್ಪಗಳ ಕೇಸು ದಿನಾ ಬರ್ತವೆ” ಎಂದು ಟಕಟಕ ಹೊಡೆದು ಕೊಟ್ಟ. ಸಾಕ್ಷಿ ಎಂದು ಅಪ್ಪ ದಪ್ಪ ಅಕ್ಷರದಲ್ಲಿ ಸಹಿ ಹಾಕಿದರು. ಭಾವ ಹಾಕಿದರು. ನೋಟರಿಯ ಕೆಂಪು ಮೊಹರು ಬಿತ್ತು. ಆ ಮೊಹರಿನ ಅಂದ ನೋಡಿ ನಾನು ಕಾಗದವನ್ನು ಪ್ಲಾಸ್ಟಿಕ್ ಕವರಿಗೆ ಹಾಕಿಸಿದೆ.

ಹೊರಡುವ ದಿನ ವಿಮಾನ ನಿಲ್ದಾಣದಲ್ಲಿ ಎರಡೂ ಪುಸ್ತಕಗಳ ಮೇಲೆ ಅದನ್ನಿಟ್ಟು, ಎದೆ ಸೆಟೆಸಿ ನಿಂತೆ. ಈ ಸಲ ಇದ್ದ ಹುಡುಗಿ ಪಾಸ್‌ಪೋರ್ಟ್ ಮಾತ್ರ ನೋಡಿ ಮುದ್ರೆ ಹಾಕಿ ಹಿಂದಕ್ಕೆ ಕೊಟ್ಟಳು. ಮೇಡಂ, ಅಫಿಡವಿಟ್ ಇದೆ, ಸ್ವಲ್ಪ ನೋಡಿ ಎಂದೆ. ಬೇಕಾಗಿಲ್ಲ, ಹಿಂದೆ ಜನ ನಿಂತಿದ್ದಾರೆ ಎಂದಳು. ಮೊಹರಿನ ಕಡೆಗಾದರೂ ನೋಡಬಾರದೇ ಎಂದು ನನಗೆ ಬೇಜಾರಾಯಿತು.

ವಿಮಾನ ಮೇಲೇರಿದ ಮೇಲೆ ಲಕ್ಷ್ಮೀದೇವಮ್ಮ ಓದಲು ಬೇರೇನೂ ಇಲ್ಲವೆಂದು ಆ ಕಾಗದ ತೆಗೆದಳು. ಓದಿದಳು. ಮತ್ತೊಮ್ಮೆ ಓದಿದಳು. ಆಮೇಲೆ ಒಂದು ಸಾಲಿನ ಮೇಲೆ ಬೆರಳಿಟ್ಟು ನನ್ನ ಮುಂದೆ ಹಿಡಿದಳು.

“ಸದರಿ ಕೃಷ್ಣಪ್ಪ ಎಂಬುವರು ಮತ್ತು ಸದರಿ ಕೃಷ್ಣ ದಿಬ್ಬೂರ್ ಎಂಬುವರು ಬೇರೆ ಬೇರೆ ವ್ಯಕ್ತಿಗಳಾಗಿದ್ದು, ಇವರಿಬ್ಬರಿಗೂ ಯಾವುದೇ ಸಂಬಂಧ ಇರುವುದಿಲ್ಲವೆಂದು ಪ್ರಮಾಣೀಕರಿಸುತ್ತೇನೆ.”

ನಮ್ಮ ತಾಲ್ಲೂಕಿನಲ್ಲಿ ಊರಿಗೆ ಹತ್ತು ಕೃಷ್ಣಪ್ಪಂದಿರು. ಈ ಕೃಷ್ಣಪ್ಪ ಆ ಕೃಷ್ಣಪ್ಪ ಅಲ್ಲ ಎಂದು ಬರೆಸಲು ಬರುವವರೇ ಟೈಪಿಸ್ಟಿಗೆ ಹೆಚ್ಚು. ಅವನ ಕೈ ರೂಢಿಯ ದಾರಿ ಹಿಡಿದಿತ್ತು. ಅದಕ್ಕೆ ಅಪ್ಪನ ಸಹಿ, ಭಾವನ ಸಹಿ, ನನ್ನದೇ ಸಹಿ!

“ರೀ, ಹಾಗಾದ್ರೆ ನಾನೀಗ ಯಾರ ಜೊತೆ ಹೋಗ್ತಿದೀನಿ?” ಎಂದು ಕೇಳಿದಳು ಲಕ್ಷ್ಮೀದೇವಮ್ಮ.

ಅವಳಿಗೆ ತೋರಿಸಲು ನನ್ನ ಬಳಿ ಒಂದೇ ಒಂದು ದಾಖಲೆಯೂ ಇರಲಿಲ್ಲ.